ಅಪ್ಪ ಕೂಡಿಸಿದ ಫೋರ್ಕ್

ನಾನು ಬೆಳೆದ ಮನೆಯಲ್ಲಿ ಇಬ್ಬರು ಗಂಡಸರಿದ್ದರು. ಒಬ್ಬರು ಅಮ್ಮನ ಅಣ್ಣ, ನನ್ನ ಮಾವ. ಇನ್ನೊಬ್ಬರು ನನ್ನ ಅಪ್ಪ. ಒಂದೇ ಚಾವಡಿಯಲ್ಲಿ ಕೂರುತ್ತಿದ್ದರು, ಒಂದೇ ಹಂಡೆಯ ಬಿಸಿನೀರಿನಲ್ಲಿ ಮೀಯುತ್ತಿದ್ದರು, ಆದರೆ ಒಬ್ಬರೊಡನೊಬ್ಬರು ಮಾತಾಡುತ್ತಿರಲಿಲ್ಲ. ಹೇಳಬೇಕಾದದ್ದನ್ನೆಲ್ಲ ನನಗೆ ಹೇಳುತ್ತಿದ್ದರು. ನಮ್ಮ ಮನೆಯ ಮಾತು ತುಳು. ಇಲ್ಲಿ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

‘ಸರಸೂ, ನಿನ್ನ ಅಪ್ಪನಿಗೆ ಹೇಳು, ಬಾವಿಯ ರಾಟೆ ಕಿರುಗುಟ್ತದೆ ಅಂತ.’

ಅಪ್ಪ ಎರಡು ಮಾರು ದೂರದ ಕಂಬಕ್ಕೆ ಒರಗಿ ಕೂತಿರುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಉತ್ತರ ಬರುತ್ತಿತ್ತು.

‘ಮಾವನಿಗೆ ಹೇಳು, ನಿನ್ನೆಯೇ ಎಣ್ಣೆ ಬಿಟ್ಟಾಗಿದೆ. ಈಗ ಕಿರುಗುಟ್ಟುವುದು ರಾಟೆ ಅಲ್ಲ.’

ಸಿದ್ಧಕಟ್ಟೆಯಿಂದ ಸ್ವಲ್ಪ ಮುಂದೆ, ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ರಸ್ತೆ ಇಳಿಜಾರಾಗುವಲ್ಲಿ ನಮ್ಮ ಮನೆ. ರಸ್ತೆಗೆ ಡಾಮರು ಇರಲಿಲ್ಲ. ಬಸ್ಸು ಹೋದ ಮೇಲೆ ಕೆಂಪು ಧೂಳು ಚಾವಡಿಯ ತನಕ ಬಂದು ಕೂರುತ್ತಿತ್ತು. ಚಾವಡಿಯ ಒಂದು ತುದಿಯಲ್ಲಿ ಮನೆಯ ದೈವಕ್ಕೆ ಮೀಸಲಾದ ಮಂಚ, ಅದರ ಹಿಂದೆ ಹಗಲಿನಲ್ಲೂ ದೀಪ ಬೇಕಾಗುವ ಒಳಕೋಣೆ, ಅದರಾಚೆ ಹೊಗೆ ಹಿಡಿದ ಅಡಿಗೆಮನೆ. ನಮ್ಮವರಲ್ಲಿ ಮನೆ ಹೆಂಗಸರ ಸಂತಾನಕ್ಕೆ ಸೇರಿದ್ದು. ಅಜ್ಜಿಯ ಮನೆ ಅಮ್ಮನಿಗೆ, ಅಮ್ಮನದು ನನಗೆ. ಅದನ್ನು ನಡೆಸುವ ಯಜಮಾನ ಮಾವ. ಮಾವನ ಹೆಂಡತಿ ಮಕ್ಕಳು ಬೆಳ್ತಂಗಡಿಯ ಹತ್ತಿರ ಅತ್ತೆಯ ತವರಿನಲ್ಲಿದ್ದರು, ಮಾವ ಆಗಾಗ ಅಲ್ಲಿಗೆ ಹೋಗಿ ಬರುತ್ತಿದ್ದರು. ಅಪ್ಪನೂ ಹಾಗೆ ಬಂದು ಹೋಗುವವರೇ ಆಗಿದ್ದರು, ಮಂಗಳೂರಿನ ಒಂದು ಬಸ್ಸು ಶೆಡ್ಡಿನಲ್ಲಿ ಮೆಕ್ಯಾನಿಕ್ ಆಗಿದ್ದಷ್ಟು ಕಾಲ. ಆ ಶೆಡ್ಡು ಮುಚ್ಚಿದ ಮೇಲೆ ಒಂದು ಟ್ರಂಕು, ಒಂದು ಗೋಣಿಚೀಲ ಸ್ಪ್ಯಾನರು ಹೊತ್ತುಕೊಂಡು ಬಂದವರು ಮತ್ತೆ ಹೋಗಲಿಲ್ಲ. ಅಷ್ಟು ಚಿಕ್ಕವಳಾದ ನನಗೂ ಇದು ತಿಳಿದಿತ್ತು: ನಾನು ಈ ಮನೆಯವಳು, ಅಪ್ಪ ಅಲ್ಲ.

ಮಾತು ನಿಂತದ್ದು ಊಟದ ಹೊತ್ತಿನಲ್ಲಿ. ಆ ದಿನ ಅಪರೂಪಕ್ಕೆ ಅಂಜಲ್ ಮೀನು ಬಂದಿತ್ತು. ಅಮ್ಮ ಸಾರಿನಿಂದ ತಲೆಯ ತುಂಡನ್ನು ತೆಗೆದು ಅಪ್ಪನ ಎಲೆಗೆ ಹಾಕಿದರು. ತಲೆ ಯಾವಾಗಲೂ ಯಜಮಾನನ ಎಲೆಗೆ ಹೋಗುವಂಥದ್ದು. ಅಮ್ಮ ಮರೆತರೋ, ಬೇಕೆಂದೇ ಹಾಕಿದರೋ ನನಗೆ ಈಗಲೂ ಗೊತ್ತಿಲ್ಲ. ಮಾವ ನಕ್ಕು, ‘ಕೂತು ಉಣ್ಣುವವರಿಗೆ ತಲೆ ಎಂತಕ್ಕೆ ತಂಗೀ, ಬಾಲ ಸಾಕಲ್ಲ’ ಎಂದರು. ತಮಾಷೆಗೇ ಅಂದದ್ದು, ಧ್ವನಿಯಲ್ಲಿ ವಿಷ ಇರಲಿಲ್ಲ. ಅಪ್ಪ ಅರ್ಧ ಉಂಡ ಎಲೆಯನ್ನು ಮಡಚಿ ಎದ್ದರು. ಮಾವ ಕರೆಯಲಿಲ್ಲ. ಕರೆದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ನನಗೆ ಆಗ ಬರೆದಿಡುವ ಹುಚ್ಚು. ಶಾಲೆಯ ಹಳೆ ಪುಸ್ತಕಗಳಲ್ಲಿ ಉಳಿದ ಹಾಳೆಗಳನ್ನು ಹೊಲಿದು ದಿನಚರಿ ಮಾಡಿಕೊಂಡಿದ್ದೆ. ತಾರೀಕು, ಬೆಳಗಿನ ಬಸ್ಸು ಬಂದ ಹೊತ್ತು, ಸಾರಿಗೆ ಏನು, ಮನೆಗೆ ಯಾರು ಬಂದರು. ಕೊನೆಯಲ್ಲಿ ‘ಮಾತು’ ಎಂಬ ಒಂದು ಕಾಲಮ್ಮು. ಅದರಲ್ಲಿ ದಿನವೂ ಒಂದು ಅಡ್ಡಗೀಟು, ಇವತ್ತೂ ಇಬ್ಬರೂ ಆಡಲಿಲ್ಲ ಎಂದು. ಎರಡು ಮಳೆಗಾಲ ಕಳೆದವು. ಗೀಟುಗಳು ಪುಟದಿಂದ ಪುಟಕ್ಕೆ ಇರುವೆ ಸಾಲಿನ ಹಾಗೆ ಹೋಗುತ್ತಿದ್ದವು.

ಮಾವ ಒಂದು ಬೀಡಿ ಕಂಪೆನಿಯ ಕೆಲಸದಲ್ಲಿದ್ದರು. ಬಂಟ್ವಾಳ, ಸಿದ್ಧಕಟ್ಟೆ, ಮೂಡುಬಿದಿರೆ, ಬೆಳ್ತಂಗಡಿ ಕಡೆಯ ಬ್ರಾಂಚುಗಳಿಗೆ ಹೋಗಿ ಎಲೆ ಮುಟ್ಟಿತೇ, ಕಟ್ಟು ಸರಿಯಾಗಿದೆಯೇ ಎಂದು ನೋಡಿ ಬರುವ ಕೆಲಸ. ಅದಕ್ಕಾಗಿ ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ ಒಂದು ಮೋಟಾರ್‌ಸೈಕಲ್ ಇಟ್ಟುಕೊಂಡಿದ್ದರು. ಮೇಲೆ ಕಪ್ಪು ಬಣ್ಣ, ಗೀರಿದರೆ ಒಳಗೆ ಹಸಿರು. ಒಂದು ಮಳೆಗಾಲದ ಕೊನೆಗೆ ಅದರ ಮುಂದಿನ ಫೋರ್ಕ್ ಕೆಟ್ಟಿತು. ಮುಂದಿನ ಚಕ್ರವನ್ನು ಹಿಡಿದಿರುವ ಎರಡು ಕಾಲುಗಳಿಗೆ ಫೋರ್ಕ್ ಎನ್ನುತ್ತಾರೆ. ಒಂದೊಂದು ಕಾಲೂ ಒಂದರೊಳಗೊಂದು ಜಾರುವ ಎರಡು ಕೊಳವೆ. ಒಳಗೆ ಸ್ಪ್ರಿಂಗು, ಜೊತೆಗೆ ಸ್ವಲ್ಪ ಎಣ್ಣೆ. ಚಕ್ರ ಗುಂಡಿಗೆ ಇಳಿದಾಗ ಸ್ಪ್ರಿಂಗು ಕುಗ್ಗುತ್ತದೆ, ಎಣ್ಣೆ ಅದನ್ನು ಕುಣಿಯಲು ಬಿಡದೆ ಹಿಡಿಯುತ್ತದೆ. ಕೊಳವೆಗಳ ನಡುವಿನ ಬುಷ್ ಎಂಬ ಕಂಚಿನ ಬಳೆಗಳು ಸವೆದು ಸಡಿಲವಾಗಿದ್ದವು, ಎಣ್ಣೆ ಸೋರಿ ಚಕ್ರದ ಮೇಲೆ ಇಳಿಯುತ್ತಿತ್ತು. ಬ್ರೇಕು ಹಿಡಿದರೆ ಇಡೀ ಗಾಡಿ ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತು. ಮಂಗಳೂರಿನಲ್ಲಿ ವಿಚಾರಿಸಿದರೆ ಈ ಗಾಡಿಯ ಸಾಮಾನು ಎಲ್ಲಿಯೂ ಸಿಕ್ಕುವುದಿಲ್ಲ, ಗುಜರಿಗೆ ಹಾಕಿ ಎಂದರಂತೆ. ಆ ರಾತ್ರಿ ಊಟ ಮುಗಿಸಿ ಮಾವ ಎಲೆಯಡಿಕೆ ಹಾಕಿಕೊಂಡು ನನ್ನನ್ನು ಕರೆದರು.

‘ನಿನ್ನ ಅಪ್ಪನಿಗೆ ಹೇಳು. ಬೊಂಬಾಯಿಯಿಂದ ಅವನ ಚಿಕ್ಕಪ್ಪನ ಮಗ ಹೇಳಿ ಕಳಿಸಿದ್ದಾನೆ, ಹೋಟೆಲಿನಲ್ಲಿ ಗಲ್ಲೆಗೆ ಕೂತು ದುಡ್ಡು ಎಣಿಸಲು ಜನ ಬೇಕಂತೆ. ಹೋಗುವುದಾದರೆ ಹೋಗಬಹುದು.’

ಮಾವ ಅಂಗಳಕ್ಕೆ ಉಗುಳಿ ಬಂದು ಮುಂದುವರಿಸಿದರು.

‘ಅಥವಾ ಈ ಗಾಡಿಯ ಫೋರ್ಕ್ ಸರಿ ಮಾಡಿಕೊಡಲಿ. ಸರಿಯಾದರೆ ರಸ್ತೆ ಬದಿಯ ಹಳೆ ಕೋಣೆಯ ಬೀಗದ ಕೈ ಕೊಡ್ತೇನೆ. ಅಲ್ಲಿ ಗ್ಯಾರೇಜು ಹಾಕಲಿ, ಬೋರ್ಡು ಹಾಕಲಿ. ಯಾರೂ ಕೂತು ಉಣ್ಣುವವ ಅಂತ ಹೇಳ್ಲಿಕ್ಕಿಲ್ಲ.’

‘ಮಾವನಿಗೆ ಹೇಳು,’ ಎಂದರು ಅಪ್ಪ, ‘ನಾಳೆ ಗಾಡಿ ಬಿಚ್ಚುತ್ತೇನೆ.’

ಚಾವಡಿಯಲ್ಲೇ ಬಿಚ್ಚುವುದೆಂದು ಅಪ್ಪ ಚಾಪೆ ಹಾಸಿದ್ದರು. ಅಜ್ಜಿ ಒಪ್ಪಲಿಲ್ಲ. ಎಣ್ಣೆ ಸೋರದಂತೆ ತಡೆಯುವ ವಾಷರನ್ನು ಚರ್ಮದಿಂದ ಮಾಡಬೇಕಿತ್ತು. ದೈವದ ಮಂಚದ ಎದುರು ಚರ್ಮವೇ? ಹಾಗೆ ಎಲ್ಲವೂ ಸೌದೆ ಕೊಟ್ಟಿಗೆಗೆ ಹೋಯಿತು. ಎಂಜಿನ್ನಿನ ಕೆಳಗೆ ಮುರಕಲ್ಲು ಕೊಟ್ಟು ಗಾಡಿಯ ಮೂತಿ ಎತ್ತಿದರು, ಚಕ್ರ ತೆಗೆದರು, ಮಡ್‌ಗಾರ್ಡು ತೆಗೆದರು. ಅದರ ಮೇಲೆ ಒಂದೊಂದು ಕಾಲನ್ನೂ ಎಳೆದರು. ಹಳೆ ಎಣ್ಣೆ ಕಪ್ಪಗೆ, ಕೆಸರು ಕೆಸರಾಗಿ ತೆಂಗಿನ ಚಿಪ್ಪಿಗೆ ಇಳಿಯಿತು. ಬಿಚ್ಚಿದ್ದನ್ನೆಲ್ಲ ಅಕ್ಕಿ ಕೇರುವ ಗೆರಸೆಯಲ್ಲಿ ಸಾಲಾಗಿ ಇಡುವ ಕೆಲಸ ನನಗೆ. ಮೊದಲು ಬಂದದ್ದು ಎಡಕ್ಕೆ, ಕೊನೆಗೆ ಬಂದದ್ದು ಬಲಕ್ಕೆ.

‘ಕೂಡಿಸುವಾಗ ಬಲದಿಂದ ಬಾ,’ ಎಂದು ಅಪ್ಪ ಹೇಳಿಕೊಟ್ಟರು. ‘ಬಿಚ್ಚಿದ ಕ್ರಮ ಗೊತ್ತಿದ್ದರೆ ಯಾವುದಕ್ಕೂ ಹೆದರಬೇಕೆಂದಿಲ್ಲ.’

ನನ್ನ ಬದುಕಿನಲ್ಲಿ ನಾನು ಕಲಿತ ಒಂದೇ ಪದ್ಧತಿ ಇದು. ಮುಂದೆ ಯಾವುದು ಮುರಿದರೂ ಮೊದಲು ಅದನ್ನು ಸಾಲಾಗಿ ಇಟ್ಟು ನೋಡುತ್ತಾ ಬಂದಿದ್ದೇನೆ. ಅದರಿಂದ ಹೆದರಿಕೆ ಹೋಯಿತೆಂದು ಹೇಳಲಾರೆ.

ಬುಷ್ಷಿಗೆ ಅಪ್ಪ ಮೂಡುಬಿದಿರೆಯ ಬಸ್ಸು ಶೆಡ್ಡಿನಿಂದ ಹಳೆ ಬಸ್ಸಿನ ಕಂಚಿನ ತುಂಡುಗಳನ್ನು ಕೇಳಿ ತಂದರು. ಅವನ್ನು ಅಳತೆಗೆ ಕಡೆಯಲು ಪಾಣೆಮಂಗಳೂರಿನ ಲೇತ್ ಅಂಗಡಿಗೆ ಹೋಗುವಾಗ ನಾನೂ ಹೋಗಿದ್ದೆ. ಅಲ್ಲಿಯ ಹಮೀದ್ ಬ್ಯಾರಿ ಅಪ್ಪನಿಗೆ ಮಂಗಳೂರಿನ ಶೆಡ್ಡಿನ ಕಾಲದಿಂದ ಪರಿಚಯ. ಕಂಚಿನ ಸುರುಳಿಗಳು ಅವರ ಮುಂಡಿನ ಮೇಲೆಲ್ಲ ಬೀಳುತ್ತಿದ್ದವು.

‘ಬುಷ್ ಆಯ್ತು. ಒಳಗೆ ಎಂತ ಹಾಕ್ತೀರಿ?’ ಎಂದು ಕೇಳಿದರು.

‘ತೆಳು ಆಯಿಲ್ ಬೇಕು. ಮಂಗಳೂರಿನಲ್ಲಿ ಉಂಟಾ?’

‘ಹೇಳಿ ತರಿಸಬೇಕು. ಎರಡು ವಾರ ಹೋದೀತು. ಅಷ್ಟರ ತನಕ ನಿಮ್ಮ ಭಾವನನ್ನು ಹೆಗಲ ಮೇಲೆ ಕೂರಿಸಿ ಬ್ರಾಂಚಿಗೆ ಬಿಡಿ ಮಾರಾಯ್ರೇ.’

ಅಪ್ಪ ನಕ್ಕರು. ಅವರು ನಕ್ಕದ್ದನ್ನು ಬಹಳ ದಿನಗಳ ಮೇಲೆ ನೋಡಿದೆ.

ಎರಡು ವಾರ ಕಾಯುವಂತಿರಲಿಲ್ಲ. ಮಾವ ಬಾಡಿಗೆ ಸೈಕಲ್ಲಿನಲ್ಲಿ ಏರು ಹತ್ತಿ ಬಂದು ಮೊಣಕಾಲು ನೀವಿಕೊಳ್ಳುತ್ತಿದ್ದರು, ಕಂಪೆನಿಯ ಸಾಹುಕಾರರು ಬೇರೆ ಜನ ನೋಡುವ ಮಾತಾಡುತ್ತಿದ್ದರು. ಫೋರ್ಕ್ ಕೂಡಿಸಿ, ಎಣ್ಣೆಯೊಂದು ಬಾಕಿ ಎಂದು ಅಪ್ಪ ಅಡಿಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಾಗ ಅಜ್ಜಿ ಒಲೆಯ ಮುಂದಿನಿಂದಲೇ ಕೇಳಿದರು.

‘ಎಂಥ ಎಣ್ಣೆ ಬೇಕು?’

‘ತೆಳುವಾಗಿ, ಶುದ್ಧವಾಗಿ ಇರಬೇಕು ಅತ್ತೆ.’

‘ಅದನ್ನು ಮಂಗಳೂರಿನಿಂದ ತರಿಸಬೇಕಾ? ಮೊನ್ನೆ ಗಾಣದಿಂದ ತಂದದ್ದು ಉಂಟಲ್ಲ. ಮಗುವಿನ ನೆತ್ತಿಗೆ ಹಾಕುವಂಥ ಎಣ್ಣೆ. ನಿಮ್ಮ ಕಬ್ಬಿಣಕ್ಕೆ ಆಗುವುದಿಲ್ಲವಾ?’

ಅಪ್ಪ ಬೆರಳಿಗೆ ಹಚ್ಚಿ ಉಜ್ಜಿ ನೋಡಿದರು. ಆಗಬಹುದು ಎಂದರು, ಸದ್ಯಕ್ಕೆ. ಅಜ್ಜಿ ಅಳತೆಯ ಚೊಂಬಿನಲ್ಲಿ ತೆಂಗಿನೆಣ್ಣೆ ತುಂಬಿ ಕೊಟ್ಟರು. ಅರ್ಧ ಒಂದು ಕಾಲಿಗೆ, ಅರ್ಧ ಇನ್ನೊಂದಕ್ಕೆ. ಅದು ದೀಪಾವಳಿ ಕಳೆದ ಬಿಸಿಲಿನ ದಿನಗಳು. ಅಪ್ಪ ಹ್ಯಾಂಡಲ್ ಹಿಡಿದು ಭಾರ ಹಾಕಿದರು. ಗಾಡಿಯ ಮೂತಿ ಸದ್ದಿಲ್ಲದೆ ಇಳಿಯಿತು, ಸದ್ದಿಲ್ಲದೆ ಎದ್ದಿತು. ಮಾವ ಮೂಡುಬಿದಿರೆಗೆ ಹೋಗಿ ಬಂದು ಅಂಗಳದಲ್ಲಿ ಗಾಡಿ ನಿಲ್ಲಿಸಿ, ಇಳಿಯದೆಯೇ ಹೇಳಿದರು.

‘ಸರಸೂ, ನಿನ್ನ ಅಪ್ಪನಿಗೆ ಹೇಳು. ತೊಟ್ಟಿಲಿನಲ್ಲಿ ಕೂತ ಹಾಗೆ ಆಗ್ತದೆ.’

ಆ ರಾತ್ರಿ ಬಂಗುಡೆ ಸಾರು. ಇಬ್ಬರೂ ಮುಖ ಎತ್ತದೆ ಉಂಡರು, ಆದರೆ ಎರಡೆರಡು ಸಲ ಬಡಿಸಿಕೊಂಡರು. ಮಂಗಳೂರಿನಿಂದ ಎಣ್ಣೆ ತರಿಸುವ ಮಾತು ಅಲ್ಲಿಗೇ ಬಿಟ್ಟುಹೋಯಿತು. ಕೋಣೆಯ ಬೀಗದ ಕೈಯನ್ನು ಮಾವ ಒಂದು ತಿಂಗಳು ನೋಡಿ ಕೊಡುತ್ತೇನೆಂದಿದ್ದರು. ಅಪ್ಪ ಆಗಲೇ ಬೋರ್ಡಿಗೆಂದು ಹಲಗೆ ನಯ ಮಾಡತೊಡಗಿದ್ದರು.

ಧನು ತಿಂಗಳು ಬಂತು. ನಮ್ಮ ಕಡೆ ಆ ತಿಂಗಳಿಡೀ ಸೂರ್ಯ ಹುಟ್ಟುವ ಮೊದಲೇ ದೇವಸ್ಥಾನಗಳಲ್ಲಿ ಧನು ಪೂಜೆ. ವರ್ಷದಲ್ಲಿ ನಮಗೆ ಚಳಿ ಎಂದು ಬರುವುದು ಆಗ ಮಾತ್ರ. ಮಕ್ಕಳು ತೆಂಗಿನ ಗರಿಯ ಸೂಡಿ ಹಚ್ಚಿಕೊಂಡು ಮೈಗೆ ಬೈರಾಸು ಸುತ್ತಿಕೊಂಡು ಹೋಗುತ್ತಿದ್ದರು. ಒಂದು ಮುಂಜಾನೆ ಮಾವ ಮಿಂದು, ಪೂಜೆ ಮುಗಿಸಿ ಹಾಗೆಯೇ ಮೂಡುಬಿದಿರೆಗೆ ಹೋಗುತ್ತೇನೆಂದು ಹೊರಟರು. ರಾತ್ರಿಯಿಡೀ ಅಂಗಳದಲ್ಲಿ ನಿಂತ ಗಾಡಿಯ ಸೀಟಿನಿಂದ ಮಂಜಿನ ನೀರು ಒರಸಿದ್ದು ನಾನೇ. ಗಾಡಿ ಇಳಿಜಾರಿನಲ್ಲಿ ಹೋದ ಸದ್ದು ಕೇಳಿತು. ಕೆಳಗಿನ ಮೋರಿಯ ಹತ್ತಿರ ಒಂದು ಬಡಿತ, ಅದರ ಹಿಂದೆಯೇ ತಗಡು ಉಜ್ಜಿದಂಥ ಸದ್ದು. ಆಮೇಲೆ ಏನೂ ಇಲ್ಲ.

ನಾಲ್ಕು ಜನ ಮಾವನನ್ನು ಎತ್ತಿ ತಂದರು. ಎಡಗೈ ಮೊಣಗಂಟಿನ ಕೆಳಗೆ ಆಗಬಾರದ ಕಡೆಗೆ ತಿರುಗಿತ್ತು. ತುಟಿ ಹರಿದು ಬಾಯಿ ತುಂಬ ರಕ್ತ. ಅಜ್ಜಿ ಮಗನ ತಲೆ ತೊಡೆಯ ಮೇಲಿಟ್ಟುಕೊಂಡು ದೈವದ ಹೆಸರು ಹೇಳುತ್ತಿದ್ದರು.

‘ಮುಂದೆ ಬಗ್ಗಲೇ ಇಲ್ಲ,’ ಎನ್ನುತ್ತಿದ್ದರು ಮಾವ. ‘ಗುಂಡಿಗೆ ಇಳಿದಾಗ ಕಲ್ಲಿಗೆ ಹೊಡೆದ ಹಾಗೆ ಆಯ್ತು.’

ಬೆಳಗಿನ ಬಸ್ಸಿನಲ್ಲಿ ಅಮ್ಮ ಮಾವನನ್ನು ಬಂಟ್ವಾಳದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕೈಗೆ ಪಟ್ಟಿ ಹಾಕಿಸಿ ತಂದರು. ಹಿಂದೆ ಬರುವಾಗ ಮಧ್ಯಾಹ್ನ. ಅಷ್ಟರಲ್ಲಿ ನೆರೆಯವರು ಗಾಡಿಯನ್ನು ತಳ್ಳಿ ತಂದು ಅಂಗಳದ ಬಿಸಿಲಿನಲ್ಲಿ ನಿಲ್ಲಿಸಿದ್ದರು. ಹ್ಯಾಂಡಲ್ ಸ್ವಲ್ಪ ಡೊಂಕಾದದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಒಬ್ಬೊಬ್ಬರೇ ಬಂದು ಭಾರ ಹಾಕಿ ನೋಡಿದರು. ಫೋರ್ಕ್ ಇಳಿಯಿತು, ಎದ್ದಿತು. ಆಚೆ ಮನೆಯ ಕೊರಗಪ್ಪಣ್ಣ ನಾಲ್ಕು ಸಲ ಒತ್ತಿ ನೋಡಿ ಮಾವ ಒರಗಿದ್ದ ಜಗಲಿಗೆ ಬಂದರು.

‘ಹೂವಿನ ಹಾಗೆ ಇಳೀತದೆ ಮಾರಾಯ. ಫೋರ್ಕಿಗೆ ಎಂತ ಆಗಿದೆ? ನಿನಗೆ ನಿದ್ದೆ ಹತ್ತಿರಬೇಕು.’

‘ನಿದ್ದೆ ಅಲ್ಲ ಕೊರಗಪ್ಪಣ್ಣ…’

‘ಮತ್ತೆ ಎಂತ, ಮೋರಿ ಎದ್ದು ಬಂದು ನಿನಗೆ ಹೊಡೀತಾ?’

ಎಲ್ಲರೂ ನಕ್ಕರು. ಮಾವನೂ ಹರಿದ ತುಟಿಯಲ್ಲಿ ನಗಲು ನೋಡಿದರು. ಸಂಜೆಯ ಹೊತ್ತಿಗೆ ಅವರಿಗೂ ಹಾಗೇ ಅನಿಸಿತು. ಕಣ್ಣು ಮುಚ್ಚಿಹೋಗಿರಬೇಕು, ಗುಂಡಿ ನೋಡಲಿಲ್ಲ ಎಂದರು. ಬಲಗೈಯಿಂದ ತಲೆದಿಂಬಿನ ಕೆಳಗೆ ತಡವಿ ಬೀಗದ ಕೈ ತೆಗೆದು ನನಗೆ ಕೊಟ್ಟರು.

‘ಅಪ್ಪನಿಗೆ ಕೊಡು. ತಿಂಗಳಿಗೆ ಇನ್ನು ನಾಲ್ಕು ದಿನ ಉಂಟು, ಪರವಾಗಿಲ್ಲ. ಅವನ ಕೆಲಸದಲ್ಲಿ ತಪ್ಪಿಲ್ಲ.’

ಅಪ್ಪ ಅದನ್ನು ಸೊಂಟದ ಉಡಿದಾರಕ್ಕೆ ಕಟ್ಟಿಕೊಂಡರು. ಮುಖದಲ್ಲಿ ಸಂತೋಷ ಇರಲಿಲ್ಲ. ಬಿದ್ದ ಮಾವನ ಬಾಯಿಯಿಂದ ಮೊದಲು ಬಂದ ಮಾತು ಅವರ ಕಿವಿಯಲ್ಲಿ ಕೂತಿತ್ತು ಎಂದು ಈಗ ಅನಿಸುತ್ತದೆ.

ಮರುದಿನ ಇನ್ನೂ ಕತ್ತಲೆ ಇರುವಾಗ ಅಡಿಗೆಮನೆಯಲ್ಲಿ ಅಮ್ಮ ಒಲೆ ಹೊತ್ತಿಸಿ, ನನ್ನ ತಲೆಗೆ ಹಚ್ಚಲು ಎಣ್ಣೆಯ ಕುಪ್ಪಿ ತೆಗೆದರು. ಕವುಚಿ ಹಿಡಿದರೆ ಎಣ್ಣೆ ಬರಲಿಲ್ಲ. ಪ್ರತಿ ಧನು ತಿಂಗಳೂ ಹಾಗೆಯೇ. ಒಳಗೆ ಬೆಳ್ಳಗೆ, ಮೇಣದ ಹಾಗೆ ಹೆಪ್ಪುಗಟ್ಟಿರುತ್ತದೆ. ನಮ್ಮ ಎಲ್ಲ ಹೆಂಗಸರ ಹಾಗೆ ಅಮ್ಮನೂ ಯೋಚನೆ ಮಾಡದೆ ಕುಪ್ಪಿಯನ್ನು ಒಲೆಯ ಕಟ್ಟೆಯ ಮೇಲೆ ಇಟ್ಟು, ಕರಗಲಿ ಎಂದು ಕಾದರು. ಬಿಸಿನೀರಿಗೆ ಬಂದ ಅಪ್ಪ ಬಾಗಿಲಲ್ಲೇ ನಿಂತುಬಿಟ್ಟರು. ಕುಪ್ಪಿಯನ್ನೇ ನೋಡುತ್ತಿದ್ದರು. ಆಮೇಲೆ ಅಂಗಳಕ್ಕೆ ಹೋದರು. ನಾನೂ ಅಮ್ಮನೂ ಹಿಂದೆಯೇ ಹೋದೆವು. ಅಪ್ಪ ಎರಡೂ ಕೈಯಿಂದ ಹ್ಯಾಂಡಲಿನ ಮೇಲೆ ಮೈಭಾರವೆಲ್ಲ ಹಾಕಿದರು. ಗಾಡಿ ಬಗ್ಗಲಿಲ್ಲ. ನೆಲದಲ್ಲಿ ಹೂತ ಕಂಬದ ಹಾಗೆ ನಿಂತಿತ್ತು.

ಅಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮೆಲ್ಲನೆ ಹೇಳಿದರು.

‘ಬಿಸಿಲು ಬಂದರೆ ಸರಿಯಾಗ್ತದೆ. ಇವತ್ತೇ ಆ ಎಣ್ಣೆ ತೆಗೆದು ಬೇರೆ ಹಾಕಿ. ಯಾರಿಗೆ ಗೊತ್ತಾಗ್ತದೆ?’

‘ನನಗೆ ಗೊತ್ತುಂಟಲ್ಲ.’

‘ಬೀಗದ ಕೈ ಕೊಟ್ಟಾಗಿದೆ. ಸುಮ್ಮನಿರಿ. ನಿಮ್ಮ ಕಾಲು ಹಿಡೀತೇನೆ, ಸುಮ್ಮನಿರಿ.’

‘ಕೈ ಮುರಿದುಕೊಂಡವ ತನ್ನದೇ ತಪ್ಪು ಅಂತ ಗ್ರಹಿಸಿ ಮಲಗಿದ್ದಾನೆ. ಅವ ಇನ್ನು ಗಾಡಿ ಹತ್ತುವಾಗಲೆಲ್ಲ ತನ್ನ ಕಣ್ಣನ್ನು ತಾನೇ ನಂಬಲಿಕ್ಕಿಲ್ಲ. ಅದು ಸರಿಯಾ?’

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಪ್ಪ ಒಳಗೆ ಹೋಗಿ ಮಾವನ ಚಾಪೆಯ ಹತ್ತಿರ ಕುಳಿತು, ನನ್ನನ್ನು ಕರೆಯದೆ, ತಾವೇ ಕರೆದರು.

‘ಭಾವ. ಸ್ವಲ್ಪ ಏಳು. ಹೊರಗೆ ಬಾ.’

ಮಾವನನ್ನು ಹೆಗಲು ಕೊಟ್ಟು ಎಬ್ಬಿಸಿ ಅಂಗಳಕ್ಕೆ ತಂದರು. ಅವರ ಒಳ್ಳೆಯ ಕೈಯನ್ನು ಹ್ಯಾಂಡಲಿನ ಮೇಲಿಟ್ಟು ಒತ್ತು ಎಂದರು. ಮಾವ ಒತ್ತಿದರು. ಇನ್ನೊಮ್ಮೆ ಒತ್ತಿದರು. ಅಪ್ಪ ಅಡಿಯ ನಟ್ಟು ಸಡಿಲಿಸಿ ಕಡ್ಡಿ ಹಾಕಿ ಒಳಗಿನಿಂದ ಬೆಳ್ಳಗಿನ ಒಂದು ಉಂಡೆ ತೆಗೆದು ತೋರಿಸಿದರು.

‘ನೀನು ನಿದ್ದೆ ಮಾಡಲಿಲ್ಲ. ನೀನು ಹೇಳಿದ್ದೇ ಸರಿ. ಇದು ನಾನು ಹಾಕಿದ್ದು.’

ಅಜ್ಜಿ ಚಾವಡಿಯ ಮೆಟ್ಟಿಲಲ್ಲಿ ನಿಂತಿದ್ದರು. ಅಮ್ಮ ಅವರ ಕಡೆಗೆ ತಿರುಗಿದರು.

‘ಎಣ್ಣೆ ಕೊಟ್ಟದ್ದು ಯಾರು ಅಂತ ಹೇಳಿ ಅಮ್ಮ.’

‘ಕೇಳಿದರು, ಕೊಟ್ಟೆ,’ ಎಂದರು ಅಜ್ಜಿ. ‘ಕಬ್ಬಿಣದ ವಿಷಯ ನನಗೆಂತ ಗೊತ್ತು? ಕಲಿತವರು ಅವರಲ್ವಾ? ನನ್ನ ಮಗನ ಕೈ ಹೋಯ್ತು.’

ಇಡೀ ಜನ್ಮ ಪ್ರತಿ ಚಳಿಗಾಲ ಒಲೆಯ ಬದಿಯಲ್ಲಿ ಕುಪ್ಪಿ ಕರಗಿಸಿದವರು ಅಜ್ಜಿ. ಕರಗಿದ್ದನ್ನು ತಲೆಗೆ ತಟ್ಟಿಸಿಕೊಂಡವರು ಅಪ್ಪ, ಮಾವ, ನಾನು, ಎಲ್ಲರೂ. ತಲೆಗೆ ಹಾಕುವ ಎಣ್ಣೆ ಒಂದು, ಗಾಡಿಗೆ ಹಾಕಿದ್ದು ಇನ್ನೊಂದು ಎಂಬಂತೆ ನಾವು ಇದ್ದೆವು. ಅಪ್ಪ ಉಡಿದಾರದಿಂದ ಬೀಗದ ಕೈ ಬಿಚ್ಚಿ ಮೋಟಾರ್‌ಸೈಕಲಿನ ಸೀಟಿನ ಮೇಲೆ ಇಟ್ಟರು. ಬೇಡ ಎಂದು ಮಾವ ಹೇಳಲು ಬೇಕಾದಷ್ಟು ಹೊತ್ತು ಇತ್ತು. ಅವರು ಪಟ್ಟಿ ಹಾಕಿದ ಕೈಯನ್ನು ಎದೆಗೆ ಹಿಡಿದುಕೊಂಡು ನಿಂತಿದ್ದರು. ಕೊನೆಗೆ ಬೀಗದ ಕೈ ತೆಗೆದುಕೊಂಡು ಒಳಗೆ ಹೋದರು. ಆ ದಿನ ‘ಮಾತು’ ಎಂಬಲ್ಲಿ ಏನು ಬರೆಯಬೇಕೆಂದು ತಿಳಿಯದೆ ಜಾಗ ಖಾಲಿ ಬಿಟ್ಟೆ.

ಬೊಂಬಾಯಿಗೆ ಹೊರಡುವ ಮೊದಲು ಅಪ್ಪ ಒಂದು ಕೆಲಸ ಮುಗಿಸಿದರು. ಪಾಣೆಮಂಗಳೂರಿಗೆ ಹೋಗಿ, ಹಮೀದ್ ಬ್ಯಾರಿ ತಾವಾಗಿಯೇ ತರಿಸಿಟ್ಟಿದ್ದ ಎಣ್ಣೆ ತಂದು, ಎರಡೂ ಕಾಲುಗಳನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ ಮತ್ತೆ ಕೂಡಿಸಿದರು. ಗೆರಸೆ ಹಿಡಿದು ನಾನು ಕೂತಿದ್ದೆ. ಬಲದಿಂದ ಒಂದೊಂದೇ ಎತ್ತಿ ಕೊಟ್ಟೆ. ಆ ದಿನ ಅವರು ಏನನ್ನೂ ಕಲಿಸಲಿಲ್ಲ. ಬೊಂಬಾಯಿಗೆ ಹೋಗುವ ದಿನ ಅದೇ ಟ್ರಂಕು ತೆಗೆದುಕೊಂಡರು, ಸ್ಪ್ಯಾನರಿನ ಚೀಲ ಇಲ್ಲೇ ಬಿಟ್ಟರು. ಹೋಟೆಲಿನ ಗಲ್ಲೆಯಲ್ಲಿ ಅದು ಯಾತಕ್ಕೆ ಎಂದರು. ಅಮ್ಮ ಬಸ್ಸಿನ ತನಕ ಬರಲಿಲ್ಲ. ಅಡಿಗೆಮನೆಯಲ್ಲಿ ಅಜ್ಜಿಗೆ ಬೆನ್ನು ಹಾಕಿ ತೆಂಗಿನಕಾಯಿ ತುರಿಯುತ್ತಿದ್ದರು. ಬೇಕಾದದ್ದಕ್ಕಿಂತ ಬಹಳ ತುರಿದರು.

ಮಾವನ ಕೈ ಕೂಡಿತು, ಆದರೆ ಪೂರ್ತಿ ನೆಟ್ಟಗಾಗಲಿಲ್ಲ. ನಾನು ಮೂಡುಬಿದಿರೆಯ ಹೈಸ್ಕೂಲಿಗೆ ಸೇರಿದ ಮೇಲೆ, ಬಸ್ಸು ತಪ್ಪಿದ ದಿನ ಅವರೇ ಗಾಡಿಯಲ್ಲಿ ಬಿಡುತ್ತಿದ್ದರು. ರಸ್ತೆ ಹಾಗೆಯೇ ಇತ್ತು, ಗುಂಡಿಗಳೂ ಹಾಗೆಯೇ. ಒಂದು ಧನು ತಿಂಗಳ ಬೆಳಿಗ್ಗೆ, ಚಳಿಯಿಂದ ನನ್ನ ಹಲ್ಲು ಕಟಕಟ ಅನ್ನುತ್ತಿದ್ದಾಗ ಗಾಡಿ ಮೋರಿಯ ಹತ್ತಿರದ ಗುಂಡಿಗೆ ಇಳಿಯಿತು. ಮುಂಭಾಗ ಮೆತ್ತಗೆ ಬಗ್ಗಿ ಮೆತ್ತಗೆ ಎದ್ದಿತು. ಹಿಂದೆ ಕೂತ ನನಗೆ ಗೊತ್ತೇ ಆಗಲಿಲ್ಲ. ಮಾವ ಮುಖ ತಿರುಗಿಸದೆ, ಗಾಳಿಯಲ್ಲಿ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

‘ಇಂಥ ಕೈ ನಮ್ಮ ಕಡೆ ಯಾರಿಗೂ ಇಲ್ಲ. ನಿನ್ನ ಅಪ್ಪನ ಹಾಗೆ ಫೋರ್ಕ್ ಕೂಡಿಸುವವ ಮಂಗಳೂರಿನಲ್ಲೂ ಇಲ್ಲ.’

‘ಅಪ್ಪನಿಗೆ ಬರೆಯಲಾ ಮಾವ?’

ಮಾವ ಬಸ್‌ಸ್ಟ್ಯಾಂಡ್ ಕಾಣುವಾಗ ಹೇಳಿದರು.

‘ಬೇಡ. ಬರೆದರೆ ಬಂದುಬಿಡ್ತಾನೆ. ಅವನ ಮುಖ ನೋಡಲು ನನ್ನಿಂದಾಗಲಿಕ್ಕಿಲ್ಲ.’

ನಾನು ಆ ಸಂಜೆಯೇ ಬರೆದೆ. ಒಂದು ಪದವನ್ನೂ ಬಿಡದೆ, ಕೊನೆಯ ಮಾತನ್ನೂ ಸೇರಿಸಿ, ಮಾವ ಹೇಳಿದ್ದನ್ನೆಲ್ಲ ಬರೆದು, ಮರುದಿನ ಮೂಡುಬಿದಿರೆಯಲ್ಲಿ ಟಪಾಲಿಗೆ ಹಾಕಿದೆ. ಅಪ್ಪ ಬರಲಿಲ್ಲ.